ಗ್ಲಾಕ್ 19, ಸಿಗ್ ಪಿ365, ಇಲ್ಲವೇ ಪುಟ್ಟ ರಿವಾಲ್ವರ್?

ಬಟ್ಟೆಯೊಳಗೆ ಪಿಸ್ತೂಲು ಒಯ್ಯಲು ಪರವಾನಗಿ ಇರುವವರು ಕೇಳುವ ‘ಯಾವುದನ್ನು ಆರಿಸಲಿ?’ ಎಂಬ ಪ್ರಶ್ನೆ ಕೊನೆಗೆ ಈ ಮೂರರ ಸುತ್ತ ಬಂದು ನಿಲ್ಲುವುದು ಸಾಮಾನ್ಯ.

1988ರಲ್ಲಿ ಬಂದ ಗ್ಲಾಕ್ 19ರ ನಳಿಗೆ ಸುಮಾರು 102 ಮಿ.ಮೀ., ಮ್ಯಾಗಜಿನ್‌ನಲ್ಲಿ (ಗುಂಡು ತುಂಬುವ ಡಬ್ಬಿ) 15 ಗುಂಡು. ಹಿಡಿ ಅಂಗೈ ತುಂಬುತ್ತದೆ, ಹಾಗಾಗಿ ಗುಂಡು ಹಾರಿದಾಗಿನ ಒದೆತ ಹತೋಟಿಯಲ್ಲಿರುತ್ತದೆ. ತೊಂದರೆಯೂ ಆ ಹಿಡಿಯದೇ: ತೆಳು ಅಂಗಿಯಡಿ ಮೊದಲು ಉಬ್ಬಿ ಕಾಣುವುದು ನಳಿಗೆಯಲ್ಲ, ಹಿಡಿ.

2018ರ ಪಿ365 ಇಲ್ಲಿ ಗೆಲ್ಲುತ್ತದೆ. ಅದೇ 9 ಮಿ.ಮೀ. ಗುಂಡು, ಗಿಡ್ಡ ಮ್ಯಾಗಜಿನ್‌ನಲ್ಲೂ 10. ತೂಕ ಸುಮಾರು ಅರ್ಧ ಕಿಲೋ. ಆದರೆ ಹಗುರವಾದಷ್ಟೂ ಒದೆತ ಚುರುಕು. ಗಿಡ್ಡ ಸ್ಲೈಡ್‌ಗೆ (ಗುಂಡು ಹಾರಿದಾಗ ಹಿಂದೆ-ಮುಂದೆ ಸರಿಯುವ ಮೇಲ್ಭಾಗ) ಬಿಗಿ ಸ್ಪ್ರಿಂಗ್ ಬೇಕು, ಅದರ ಚಲನೆಗೆ ಸಿಗುವ ಅವಕಾಶವೂ ಕಡಿಮೆ; ಸಡಿಲ ಹಿಡಿತ, ದುರ್ಬಲ ಗುಂಡು ಎರಡನ್ನೂ ಸಣ್ಣ ಪಿಸ್ತೂಲು ಅಷ್ಟಾಗಿ ಕ್ಷಮಿಸುವುದಿಲ್ಲ, ನಡುವೆ ಸಿಕ್ಕಿಕೊಂಡು ನಿಲ್ಲಬಹುದು.

ಸ್ಮಿತ್ ಅಂಡ್ ವೆಸನ್ 642ರಂಥ ರಿವಾಲ್ವರ್‌ನಲ್ಲಿ ಐದೇ ಗುಂಡು. ಗುಂಡು ಸಿಡಿಸುವ ಸುತ್ತಿಗೆ ಒಳಗೇ ಅಡಗಿರುವುದರಿಂದ ಬಟ್ಟೆಗೆ ಸಿಕ್ಕಿಕೊಳ್ಳದು. ಗುಂಡು ಸಿಡಿಯದಿದ್ದರೆ ಮತ್ತೆ ಟ್ರಿಗರ್ ಎಳೆದರಾಯಿತು. ‘ಹೊಸಬರಿಗೆ ಇದೇ ಸುಲಭ’ ಎಂಬ ಸಲಹೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಉದ್ದನೆಯ, ಭಾರದ ಟ್ರಿಗರ್ ಎಳೆಯುತ್ತಾ ಗುರಿ ಹಿಡಿಯುವುದು ಪಳಗಿದವರಿಗೂ ಕಷ್ಟ.

ನನ್ನ ಆಯ್ಕೆ, ಮೈಕಟ್ಟು ಒಪ್ಪಿದರೆ, ಗ್ಲಾಕ್. ತೆಳುಮೈಯವರಿಗೆ ಪಿ365. ಯಾವುದಾದರೂ ಸರಿ, ಟ್ರಿಗರ್ ಕಾವಲನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಬೇಕೇ ಬೇಕು. ಒಯ್ಯಲಿರುವ ಅದೇ ಗುಂಡುಗಳನ್ನು ಫೈರಿಂಗ್ ರೇಂಜ್‌ನಲ್ಲಿ ಇನ್ನೂರಾದರೂ ತಡೆಯಿಲ್ಲದೆ ಹಾರಿಸುವ ತನಕ ಅದನ್ನು ಸೊಂಟಕ್ಕೆ ಸಿಕ್ಕಿಸಬೇಡಿ.