ತಲೆನೋವಿಗೆ ಅಂತ ಹೋದೆ, ಅಲ್ಲಿ ಮನೆ ವಿಚಾರ ಕೇಳಿದರು

ಆರು ವರ್ಷ ತಲೆನೋವಿಗೆ ಮಾತ್ರೆ ನುಂಗಿದ್ದೇನೆ. ಜೊತೆಗೆ ಹೊಟ್ಟೆನೋವು, ರಾತ್ರಿ ನಿದ್ದೆ ಇಲ್ಲ. ಸ್ಕ್ಯಾನ್ ಮಾಡಿಸಿದರೆ ನಾರ್ಮಲ್. "ಟೆನ್ಷನ್ ಕಮ್ಮಿ ಮಾಡಿಕೊಳ್ಳಿ" ಅನ್ನುತ್ತಿದ್ದರು ಡಾಕ್ಟರು. ಯಾವ ಟೆನ್ಷನ್ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಹೇಳುವುದು ಹೇಗೆ? ಗಂಡ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದರು.

ಈ ಆಸ್ಪತ್ರೆಯ ಮಹಿಳಾ ಸಹಾಯ ವಿಭಾಗದಲ್ಲಿ ಸಿಸ್ಟರ್ ಮೊದಲು ಅವರನ್ನು ಹೊರಗೆ ಕೂರಿಸಿದರು. "ಬಿಪಿ ನೋಡುವಾಗ ಪೇಷೆಂಟ್ ಒಬ್ಬರೇ ಇರಬೇಕು ಸಾರ್, ಎಲ್ಲರಿಗೂ ಇದೇ ರೂಲ್ಸ್." ಅಷ್ಟು ಸಲೀಸಾಗಿ ಹೇಳಿದರು, ಅವರಿಗೆ ಅನುಮಾನವೇ ಬರಲಿಲ್ಲ. ಬಾಗಿಲು ಹಾಕಿ, ತೋಳಿಗೆ ಪಟ್ಟಿ ಸುತ್ತುತ್ತಾ ಕೇಳಿದರು: "ಮನೆಯಲ್ಲಿ ಯಾರಿಗಾದರೂ ಹೆದರಿಕೊಂಡು ಇರ್ತೀರಾ ಅಮ್ಮಾ?" ಇಲ್ಲ ಅಂದೆ. ಒತ್ತಾಯ ಮಾಡಲಿಲ್ಲ. "ಸರಿ, ಹೇಳಬೇಕು ಅನ್ನಿಸಿದಾಗ ಬನ್ನಿ" ಅಂದರು, ಅಷ್ಟೇ. ಎರಡನೇ ಸಲ ಹೋದಾಗ ಎಲ್ಲ ಹೇಳಿದೆ.

ಅಲ್ಲಿನ ಕೌನ್ಸೆಲರ್ ಮೇಡಂ ಕೇಳಿದ ಒಂದು ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ. "ಯಾವತ್ತಾದರೂ ಕುತ್ತಿಗೆ ಹಿಸುಕಿದ್ದಾರಾ?" ಹೋದ ವಾರ ಒಂದು ಸಲ, ಗಾಯ ಏನೂ ಆಗಲಿಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟರು. ಧ್ವನಿ ಒಡೆದಿದೆಯಾ, ನುಂಗಲು ನೋವಿದೆಯಾ, ಕಣ್ಣು ಕತ್ತಲೆ ಬಂತಾ ಅಂತ ಒಂದೊಂದೇ ಕೇಳಿದರು. ಎಷ್ಟೋ ಸಲ ಹೊರಗೆ ಗುರುತೇ ಕಾಣಲ್ಲವಂತೆ. ಒಳಗೆ ರಕ್ತನಾಳಕ್ಕೆ ಪೆಟ್ಟಾಗಿ ಕೆಲವು ದಿನದ ಮೇಲೆ ಪಾರ್ಶ್ವವಾಯು ಆಗಬಹುದಂತೆ. ಒಂದು ಸಲ ಕುತ್ತಿಗೆಗೆ ಕೈ ಹಾಕಿದವನಿಂದ ಮುಂದೆ ಜೀವಕ್ಕೇ ಅಪಾಯ ಜಾಸ್ತಿ ಅಂತಲೂ ಬಿಡಿಸಿ ಹೇಳಿದರು. ಅವತ್ತೇ ಡಾಕ್ಟರ ಹತ್ತಿರ ಕಳಿಸಿದರು.

ದಾಖಲೆ ಬರೆಯುವ ರೀತಿಯೂ ಚೆನ್ನಾಗಿದೆ. ಮನುಷ್ಯನ ಆಕಾರದ ಚಿತ್ರದ ಮೇಲೆ ಹಳೆಯ, ಹೊಸ ಗಾಯಗಳನ್ನು ಗುರುತು ಹಾಕಿದರು. ನನ್ನ ಮಾತನ್ನು ನನ್ನ ಮಾತಲ್ಲೇ ಬರೆದರು. ಅಷ್ಟು ವರ್ಷ "ಬಚ್ಚಲಲ್ಲಿ ಜಾರಿ ಬಿದ್ದೆ" ಅಂತ ಬರೆಸಿದ್ದವಳು ನಾನು.

ಗೋಡೆ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ 2021ರ ಲೆಕ್ಕ ಅಂಟಿಸಿದ್ದಾರೆ. ಸಂಗಾತಿ ಜೊತೆ ಬಾಳಿದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಸಂಗಾತಿಯ ಕೈಯಲ್ಲೇ ಹೊಡೆತ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಇಂಥವರಿಗೆ ಖಿನ್ನತೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು ಅಂತ ಅದೇ ಸಂಸ್ಥೆ 2013ರಲ್ಲೇ ಹೇಳಿತ್ತಂತೆ. ನನಗೊಬ್ಬಳಿಗೇ ಹೀಗೆ ಅಂದುಕೊಂಡಿದ್ದೆ.

"ಬಿಟ್ಟು ಬನ್ನಿ" ಅಂತ ಯಾರೂ ಹೇಳಲಿಲ್ಲ. ಬಿಟ್ಟು ಬರುವ ಹೊತ್ತೇ ಜಾಸ್ತಿ ಅಪಾಯ, ಅದಕ್ಕೆ ಮೊದಲು ತಯಾರಿ ಬೇಕು ಅಂದರು. ಕಾಗದಪತ್ರ ಎಲ್ಲಿಡಬೇಕು, ರಾತ್ರಿ ಯಾರ ಮನೆ ಬಾಗಿಲು ತಟ್ಟಬಹುದು, ಎಲ್ಲ ಕೂತು ಮಾತಾಡಿದೆವು. ಈಗ ನಾನು ಬೇರೆ ಮನೆಯಲ್ಲಿದ್ದೇನೆ.

ಸರಿ ಮಾಡಲೇಬೇಕಾದದ್ದೂ ಇದೆ. ಕಾಯುವ ಬೆಂಚು ಮುಖ್ಯ ಬಾಗಿಲಿಗೆ ಎದುರಿಗೇ ಇದೆ, ಬಂದು ಹೋಗುವವರಿಗೆಲ್ಲ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು, ತಾರೀಕು ನೆನಪಿಸುವ ಮೆಸೇಜಿನಲ್ಲಿ ವಿಭಾಗದ ಹೆಸರೇ ಬರುತ್ತಿತ್ತು. ಫೋನ್ ಗಂಡನ ಕೈಯಲ್ಲಿದ್ದರೆ ಏನಾಗುತ್ತಿತ್ತು? ಹೇಳಿದ ಮೇಲೆ ನನಗೆ ಬರುವುದನ್ನು ನಿಲ್ಲಿಸಿದರು. ಎಲ್ಲರಿಗೂ ನಿಲ್ಲಿಸಬೇಕು.

ಹೋಗುವವರು ಬೆಳಗ್ಗೆ ಬೇಗ ಹೋಗಿ, ಆಗ ಜನ ಕಮ್ಮಿ. ಅವರು ಕೊಡುವ ಕಾರ್ಡು ಮನೆಗೆ ತರಬೇಡಿ. ಕೇಳಿದರೆ ಅವರೇ ಇಟ್ಟುಕೊಳ್ಳುತ್ತಾರೆ.