ಬೆಕ್ಕು ನೋಡಿಕೊಳ್ಳಲು ಮನೆಗೇ ಬರುವ ಹುಡುಗಿ: ಮುಂಬೈನ ಮಾಟುಂಗದಿಂದ ಒಂದು ರಿವ್ಯೂ

ಜುಲೈನಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಇತ್ತು, ಕುಂದಾಪುರಕ್ಕೆ ಹೋಗಲೇಬೇಕಿತ್ತು. ಮತ್ಸ್ಯಗಂಧ ರೈಲಿನಲ್ಲಿ ನನಗೇನೋ ಸೀಟು ಸಿಕ್ಕಿತು, ನಮ್ಮ ಬೆಕ್ಕು ಗುಂಡನ ಕಥೆ? ತ್ರೀ ಟಯರ್‌ನಲ್ಲಿ ಬೆಕ್ಕು ಒಯ್ಯಲು ಬಿಡುವುದಿಲ್ಲ. ಫಸ್ಟ್ ಕ್ಲಾಸಿನಲ್ಲಿ ಇಡೀ ಕೂಪೆ ಹಿಡಿಯಬೇಕು, ಇಲ್ಲಾಂದ್ರೆ ಬುಟ್ಟಿಯಲ್ಲಿ ಹಾಕಿ ಗಾರ್ಡಿನ ಡಬ್ಬಿಗೆ ಕೊಡಬೇಕು. ಎರಡೂ ಆಗದ ಮಾತು.

ಹಿಂದೊಮ್ಮೆ ಸಾಕುಪ್ರಾಣಿಗಳ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದೆ. ಹೆಸರು ಬೇಡ ಬಿಡಿ. ಜಾಗ ಚೊಕ್ಕಟವಾಗಿತ್ತು, ಲಸಿಕೆ ಪುಸ್ತಕ ನೋಡದೆ ಒಳಗೆ ಸೇರಿಸಲಿಲ್ಲ, ಅದು ಒಳ್ಳೆಯದೇ. ಆದರೆ ಗೋಡೆಯ ಆಚೆ ಇಡೀ ದಿನ ನಾಯಿಗಳ ಬೊಗಳಾಟ. ಗುಂಡ ಪಂಜರದ ಮೂಲೆ ಬಿಟ್ಟು ಏಳಲಿಲ್ಲ, ಊಟ ಮುಟ್ಟಲಿಲ್ಲ. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಲಿವರ್‌ಗೇ ಕೊಬ್ಬು ತುಂಬಿಕೊಳ್ಳುತ್ತದೆ, ಅದರಲ್ಲೂ ದಪ್ಪ ಬೆಕ್ಕುಗಳಿಗೆ. ನಮ್ಮವನ ಹೆಸರೇ ಗುಂಡ.

ಹಾಗಾಗಿ ಈ ಸಲ ಮನೆಗೇ ಬರುವವರನ್ನು ಹುಡುಕಿದೆ. ವಡಾಲಾ ಕಡೆಯ ಹುಡುಗಿ. ಒಂದು ಸಲ ಬಂದು ಮುಕ್ಕಾಲು ಗಂಟೆ ಇದ್ದು ಹೋಗಲು 400 ರೂಪಾಯಿ, ದಿನಕ್ಕೆ ಎರಡು ಸಲ ಆದರೆ 700. ಮೊದಲ ಭೇಟಿಗೆ ದುಡ್ಡಿಲ್ಲ. ಅವತ್ತು ಅವಳು ಬೆಕ್ಕನ್ನು ಮುದ್ದು ಮಾಡಲು ಹೋಗಲಿಲ್ಲ. ನೆಲದ ಮೇಲೆ ಕೂತು ನನ್ನ ಹತ್ತಿರ ಮಾತಾಡುತ್ತಲೇ ಇದ್ದಳು. ಹೆದರಿದರೆ ಎಲ್ಲಿ ಅಡಗುತ್ತಾನೆ, ನೀರು ಬಟ್ಟಲಲ್ಲಿ ಕುಡಿಯುತ್ತಾನಾ ನಲ್ಲಿಯಲ್ಲಾ, ಡಾಕ್ಟರ್ ಯಾರು, ಅರ್ಧ ರಾತ್ರಿ ಏನಾದರೂ ಆದರೆ ಪರೇಲ್‌ನ ಪ್ರಾಣಿ ಆಸ್ಪತ್ರೆಗಾ, ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಶುರುವಾದ ಟಾಟಾ ಟ್ರಸ್ಟ್ಸ್ ಆಸ್ಪತ್ರೆಗಾ, ಎಷ್ಟು ಖರ್ಚಿನವರೆಗೆ ನನ್ನನ್ನು ಕೇಳದೆ ಮುಂದುವರಿಯಬಹುದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡಳು. ಹೋಗುವಾಗ ಅಡುಗೆಮನೆ ಕಿಟಕಿಯ ಬಲೆಯನ್ನು ಬೆರಳಿಂದ ಎಳೆದು ನೋಡಿದಳು. ಕೆಳಗಿನ ಮೂಲೆ ಬಿಟ್ಟುಕೊಂಡಿತ್ತು. ತನ್ನ ಬ್ಯಾಗಿಂದಲೇ ತಂತಿ ತೆಗೆದು ಬಿಗಿದಳು. ನಾಲ್ಕನೇ ಮಹಡಿ ನಮ್ಮದು. ಮನೆ ಕೀಲಿ ಅವತ್ತೇ ಕೊಟ್ಟೆ.

ಅನ್ನ ಹಾಕಲು ಯಾರಾದರೂ ಸಿಗುತ್ತಾರೆ, ಪಕ್ಕದ ಮನೆಯವರೂ ಹಾಕುತ್ತಾರೆ. ನಾನು ದುಡ್ಡು ಕೊಡುವುದು ಲಿಟರ್ ಟ್ರೇ, ಅಂದರೆ ಬೆಕ್ಕಿನ ಕಕ್ಕಸಿನ ಮರಳು ತಟ್ಟೆ, ನೋಡುವ ಕಣ್ಣಿಗೆ. ಗಂಡು ಬೆಕ್ಕಿನ ಮೂತ್ರದ ನಾಳ ತುಂಬಾ ಸಪೂರ. ಹರಳು ಸಿಕ್ಕಿಕೊಂಡು ಉಚ್ಚೆ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ಬೆಕ್ಕು ಬಾಯಿ ಬಿಟ್ಟು ಹೇಳುವುದಿಲ್ಲ, ಟ್ರೇ ಹೇಳುತ್ತದೆ. ಇವಳು ಮರಳು ಸೋಸಿ, ಉಚ್ಚೆಗೆ ಮರಳು ಕಟ್ಟಿದ ಉಂಡೆಗಳನ್ನು ಪೇಪರ್ ಮೇಲೆ ಸಾಲಾಗಿಟ್ಟು ಫೋಟೊ ಕಳಿಸುತ್ತಿದ್ದಳು. ಅಮ್ಮ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ, "ಎಂತ ಕಾಂತಿದ್ದೆ ಮಾರಾಯ್ತಿ ಮೊಬೈಲಲ್ಲಿ?" ಎಂದರು. ಏನಂತ ಹೇಳಲಿ?

ಒಂದು ಬೆಳಿಗ್ಗೆ ಕಡಲೆಕಾಳಿನಷ್ಟು ಸಣ್ಣ ಉಂಡೆ ಎರಡೇ ಇತ್ತು. ಫೋಟೊ ಕಳಿಸಿ ಸುಮ್ನೆ ಕೂರಲಿಲ್ಲ, "ಆಂಟಿ, ನಂಗೆ ಇದು ಸರಿ ಕಾಣ್ತಿಲ್ಲ" ಅಂತ ಫೋನೇ ಮಾಡಿದಳು. ಡಾಕ್ಟರ್‌ಗೂ ಅವಳೇ ಫೋನ್ ಹಚ್ಚಿದಳು. ತಿಣುಕುತ್ತಿದ್ದರೆ, ಕೂಗುತ್ತಿದ್ದರೆ ತಕ್ಷಣ ತನ್ನಿ ಎಂದರಂತೆ. ಅವಳು ಅಲ್ಲೇ ಕಾದು ಕೂತಳು. ಮಧ್ಯಾಹ್ನ ಅವನು ದೊಡ್ಡದಾಗಿ ಹೊಯ್ದ ಮೇಲೆಯೇ ಎದ್ದದ್ದು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಕೊರತೆ ಇಲ್ಲವೆಂದಲ್ಲ. ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತ ದಿನ ಸಂಜೆಯ ಪಾಳಿಗೆ ಬಂದಾಗ ರಾತ್ರಿ ಹತ್ತೂವರೆ. ಮಳೆಗಾಲದಲ್ಲಿ ಇದು ಇದ್ದದ್ದೇ, ಆದರೂ ಮೊದಲೇ ಹೇಳಬಹುದಿತ್ತು. ಬೆಕ್ಕಿನ ಒಣ ತಿಂಡಿಯ ಕಾಳು ಜಾಸ್ತಿ ಸುರಿಯುತ್ತಾಳೆ, ಅಳತೆ ಕಪ್ ಇಟ್ಟಿದ್ದರೂ. ಮಾತ್ರೆ ನುಂಗಿಸುವುದಿಲ್ಲ, ಉಗುರು ಕತ್ತರಿಸುವುದಿಲ್ಲ. ಮತ್ತೆ ಆ ವಿಡಿಯೋಗಳು! ಪ್ರತಿಯೊಂದಕ್ಕೂ ಹಿಂದಿ ಹಾಡು ಅಂಟಿಸಿರುತ್ತಾಳೆ. ನನಗೆ ಬೇಕಿದ್ದದ್ದು ಅವನ ಮ್ಯಾವ್, ಅಲ್ವಾ?

ಮರಿ ಇರುವವರಿಗೆ, ದಿನಾ ಔಷಧಿ ಬೇಕಾದ ಬೆಕ್ಕಿಗೆ ಇದು ಸಾಲದು. ಗುಂಡನಂತಹ ಸೋಮಾರಿಗೆ ಧಾರಾಳ ಸಾಕು. ಚೌತಿ, ದೀಪಾವಳಿಗೆ ರೇಟು ಒಂದೂವರೆ ಪಟ್ಟು, ಅದೂ ಬೇಗ ತುಂಬಿಹೋಗುತ್ತದೆ. ನಾನು ದೀಪಾವಳಿಗೆ ಈಗಲೇ ಹೇಳಿಟ್ಟಿದ್ದೇನೆ, ಇನ್ನೊಂದು ಅಳತೆ ಕಪ್ಪನ್ನೂ ತಂದಿಟ್ಟಿದ್ದೇನೆ, ಇನ್ನೂ ಸಣ್ಣದು.