ಅಬ್ಬಿ ನೀರಿನ ಮನೆಯವರೇ, ಮೇಲೆ ನೀರು ಕಟ್ಟದೆ ವಾಲ್ವ್ ಬಿಚ್ಚಿಸಬೇಡಿ

ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ತಂದುಕೊಂಡಿರುವ ಮಲೆನಾಡಿನ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಅಡಿಕೆ ಕೊಯ್ಲಿನಲ್ಲಿ ನಮ್ಮಲ್ಲಿ ಆದದ್ದು ಇನ್ನೊಂದು ಮನೆಯಲ್ಲಿ ಆಗಬಾರದು.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ರಸ್ತೆಯಿಂದ ಒಳಗೆ. ಮನೆಯ ಹಿಂದಿನ ಗುಡ್ಡದಲ್ಲಿ ಸುಮಾರು 30 ಮೀಟರ್ ಎತ್ತರಕ್ಕೆ ಒರತೆಯಿದೆ, ಅದರ ಬಾಯಿಗೆ ಒಂದು ಸಣ್ಣ ತೊಟ್ಟಿ. ಅಲ್ಲಿಂದ ಕಪ್ಪು ಪೈಪು ಕಾಡಿನೊಳಗೆ ಇಳಿದು ಬಂದು ಬಚ್ಚಲುಮನೆಯ ಗೋಡೆಯ ಬಳಿ ಹಳೆಯ ಜಿಐ ಪೈಪಿಗೆ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿಗೆ, ಸೇರುತ್ತದೆ. ಅಲ್ಲೊಂದು ಹಿತ್ತಾಳೆಯ ಗೇಟ್ ವಾಲ್ವ್. ತೊಟ್ಟಿಗೂ ಮನೆಗೂ ನಡುವೆ ನೀರನ್ನು ನಿಲ್ಲಿಸಲು ಇದ್ದದ್ದು ಅದೊಂದೇ.

ಆ ವಾಲ್ವಿನ ತಿರುಗಣೆಯ ಬುಡದಿಂದ ಮಳೆಗಾಲ ಮುಗಿದಾಗಿನಿಂದ ಹನಿ ಬೀಳುತ್ತಿತ್ತು. ಅಮ್ಮ ಅದರ ಕೆಳಗೆ ಒಂದು ತಂಬಿಗೆ ಇಟ್ಟಿದ್ದಳು. ಬೆಳಗಾಗುವುದರೊಳಗೆ ಅದು ತುಂಬಿರುತ್ತಿತ್ತು. ಅಷ್ಟೇ ತೊಂದರೆ.

ಪೇಟೆಯಿಂದ ಕರೆಸಿದ ಪ್ಲಂಬರ್ ನೋಡಿದ ಕೂಡಲೇ "ವಾಲ್ವ್ ಹೋಗಿದೆ, ಹೊಸದು ಹಾಕಬೇಕು" ಎಂದ. ಮೇಲೆ ಹೋಗಿ ತೊಟ್ಟಿಯಿಂದ ಪೈಪು ಎಳೆದು ಬರಲೇ ಎಂದು ಕೇಳಿದೆ. "ಬೇಡ ಅಣ್ಣ, ಐದು ನಿಮಿಷದ ಕೆಲಸ, ನೀರು ಬರುತ್ತಿರುವಾಗಲೇ ಹಾಕಿಬಿಡುತ್ತೇನೆ" ಎಂದ. ಜಿಟಿಜಿಟಿ ಮಳೆ, ಗುಡ್ಡ ಹತ್ತಲು ಇಪ್ಪತ್ತು ನಿಮಿಷ, ದಾರಿಯುದ್ದಕ್ಕೂ ರಕ್ತ ಹೀರುವ ಉಂಬಳ. ನಾನು ಒಪ್ಪಿದೆ. ಈ ತಪ್ಪಿನಲ್ಲಿ ಅವನದೆಷ್ಟೋ ನನ್ನದೂ ಅಷ್ಟೇ.

ಅವನು ಪೈಪನ್ನು ಹಿಡಿದುಕೊಳ್ಳಲು ಇನ್ನೊಂದು ರೆಂಚನ್ನು ತೆಗೆಯಲಿಲ್ಲ. ಒಂದೇ ರೆಂಚನ್ನು ವಾಲ್ವಿಗೆ ಕಚ್ಚಿಸಿ ಮೈಭಾರ ಹಾಕಿ ತಿರುಗಿಸಿದ. ಜಿಐ ಪೈಪಿನಲ್ಲಿ ಥ್ರೆಡ್ ಕೊರೆದ ಜಾಗವೇ ಎಲ್ಲಕ್ಕಿಂತ ತೆಳು, ತುಕ್ಕು ಮೊದಲು ತಿನ್ನುವುದೂ ಅಲ್ಲಿಯೇ. ವಾಲ್ವ್ ಬಿಚ್ಚಿಕೊಳ್ಳಲಿಲ್ಲ, ಗುಡ್ಡದ ಕಡೆಯ ಪೈಪು ಥ್ರೆಡ್ಡಿನಲ್ಲಿ ಮುರಿದು ವಾಲ್ವಿನ ಸಮೇತ ಅವನ ಕೈಗೆ ಬಂತು.

ಅಜ್ಜನ ಕಾಲದಲ್ಲಿ ಇದೇ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಬರುತ್ತಿತ್ತಂತೆ. ತೆರೆದ ದಂಬೆಯಲ್ಲಿ ಒತ್ತಡ ಕಟ್ಟಿಕೊಳ್ಳುವುದಿಲ್ಲ, ಮುಚ್ಚಿದ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಪ್ರತಿ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ನಮ್ಮಲ್ಲಿ ಮೂರು ಕಿಲೋ. ನೀರು ಎದುರಿನ ಗೋಡೆಗೆ ಬಡಿದು ಚಿಮ್ಮಿತು. ಹಂಡೆ ಒಲೆಯ ಬೆಂಕಿ ಆರಿತು, ಬಚ್ಚಲು ಕತ್ತಲಾಯಿತು. ಲೈಟು ಹಾಕಲೆಂದು ಅಮ್ಮ ಒದ್ದೆಯಾಗಿದ್ದ ಸ್ವಿಚ್ಚಿಗೆ ಕೈ ಚಾಚಿದಳು. ಕೂಗಿ ತಡೆದು ನಾನು ಮೊದಲು ಮೇನ್ ಸ್ವಿಚ್ ಆರಿಸಿದೆ. ಆ ಕ್ಷಣ ನೆನಪಾದರೆ ಈಗಲೂ ಎದೆ ನಡುಗುತ್ತದೆ.

ಮನೆಯ ಮೇಲಿನ ಟ್ಯಾಂಕಿನ ನೀರಾಗಿದ್ದರೆ ಸಾವಿರ ಲೀಟರಿಗೆ ಮುಗಿಯುತ್ತಿತ್ತು. ಗುಡ್ಡದ ನೀರಿಗೆ ಮುಗಿಯುವುದೆಂಬುದಿಲ್ಲ. ಪ್ಲಂಬರ್ ಚಿಂದಿ ಬಟ್ಟೆ ತುರುಕಲು ನೋಡಿದ, ನಿಲ್ಲಲಿಲ್ಲ. ನಾನು ಗುಡ್ಡದ ಕಡೆಗೆ ಓಡಿದೆ. ಅಷ್ಟರಲ್ಲಿ ಗಲಾಟೆ ಕೇಳಿ ಬಂದ ಪಕ್ಕದ ಮನೆಯ ಹಿರಿಯರು ಬೇಲಿಯ ಹತ್ತಿರ ಕಪ್ಪು ಪೈಪನ್ನು ಎತ್ತಿ, ಮಡಚಿ, ಹಗ್ಗದಿಂದ ಬಿಗಿದು ಕಟ್ಟಿದರು. ನೀರು ನಿಂತಿತು. ಮಡಚಿದ ಜಾಗದಲ್ಲಿ ಪೈಪು ಹಾಳಾಗುತ್ತದೆ, ಆ ತುಂಡನ್ನು ಕತ್ತರಿಸಿ ಜೋಡಿಸಬೇಕಾಗುತ್ತದೆ. ಆದರೂ ಅಂಥ ಹೊತ್ತಿನಲ್ಲಿ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಅವರು ಕಟ್ಟುವ ಹೊತ್ತಿಗೆ ನೀರು ಪಡಸಾಲೆಗೆ ನುಗ್ಗಿತ್ತು. ಮೋಡ ಕವಿದಿದೆಯೆಂದು ಚಪ್ಪರದಿಂದ ಇಳಿಸಿ, ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ಬೇಯಿಸಿದ್ದ ಅಡಿಕೆಯನ್ನು ಅಲ್ಲಿಯೇ ನೆಲದ ಮೇಲೆ ಹರಡಿದ್ದೆವು. ಮುಕ್ಕಾಲು ಒಣಗಿದ ಅಡಿಕೆ. ಮರುದಿನವೂ ಅದರ ಮರುದಿನವೂ ಬಿಸಿಲು ಬರಲಿಲ್ಲ. ಬೂಷ್ಟು ಹಿಡಿಯಿತು, ಬಣ್ಣ ಹೋಯಿತು, ಮಂಡಿಯಲ್ಲಿ ದರ ಕೇಳಿ ಅಪ್ಪ ಮಾತನಾಡದೆ ಬಂದರು.

ಸಂಜೆ ಆ ಹಿರಿಯರು ಹಳೆಯ ವಾಲ್ವನ್ನು ಕೈಯಲ್ಲಿ ಹಿಡಿದು ತೋರಿಸಿದರು. "ಇಲ್ಲಿ ಎರಡು ನಟ್ಟು ಇವೆ, ನೋಡು ಮಾರಾಯ. ತಿರುಗಣೆಯ ಕೆಳಗಿನ ಈ ಚಿಕ್ಕದು ಗ್ಲ್ಯಾಂಡ್ ನಟ್. ಬುಡದಿಂದ ಹನಿ ಬಂದರೆ ಇದನ್ನು ಕಾಲು ಸುತ್ತು ಬಿಗಿ ಮಾಡಿದರೆ ಸಾಕಾಗುತ್ತಿತ್ತು." ಹನಿಗಳಲ್ಲಿ ವ್ಯತ್ಯಾಸವಿದೆಯೆಂದು ನನಗೆ ತಿಳಿದದ್ದು ಆಗಲೇ. ಗ್ಲ್ಯಾಂಡ್ ನಟ್ಟಿನ ಒಳಗೆ, ತಿರುಗಣೆಯಿಂದ ವಾಲ್ವಿನೊಳಕ್ಕೆ ಇಳಿಯುವ ದಂಡಿಗೆಯನ್ನು ಸುತ್ತಿ, ನೀರು ಸೋರದಂತೆ ತಡೆಯುವ ಪ್ಯಾಕಿಂಗ್ ದಾರ ಇರುತ್ತದೆ. ಅದು ಸವೆದಾಗ ಹನಿಯುತ್ತದೆ. ತಿರುಗಣೆಯನ್ನು ಅಲುಗದಂತೆ ಹಿಡಿದು ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಹೆಚ್ಚು ಬಿಗಿಯಾದರೆ ತಿರುಗಣೆ ತಿರುಗುವುದಿಲ್ಲ. ಅದಕ್ಕೂ ನಿಲ್ಲದಿದ್ದರೆ ಮೇಲೆ ನೀರು ಕಟ್ಟಿ, ನಟ್ಟು ಬಿಚ್ಚಿ, ಟೆಫ್ಲಾನ್ ಟೇಪನ್ನು ದಾರದಂತೆ ಹೊಸೆದು, ನಟ್ಟು ಬಿಗಿಯಾಗುವ ದಿಕ್ಕಿಗೆ ಸುತ್ತಿ ಮತ್ತೆ ಹಾಕಬೇಕು. ಅದರ ಕೆಳಗಿನ ದೊಡ್ಡ ನಟ್ಟನ್ನು ಮಾತ್ರ ನೀರಿನ ಒತ್ತಡವಿರುವಾಗ ಮುಟ್ಟಲೇಬಾರದು. ವಾಲ್ವಿನ ತಲೆಯನ್ನು ಹಿಡಿದಿರುವುದು ಅದೇ, ಸಡಿಲವಾದರೆ ದಂಡಿಗೆಯ ಸಮೇತ ಮುಖಕ್ಕೆ ಹಾರಬಹುದು.

ಹನಿ ಬರುತ್ತಿರುವುದು ವಾಲ್ವೂ ಪೈಪೂ ಸೇರುವ ಜಾಗದಿಂದಾದರೆ ಬಿಚ್ಚದೆ ಗತಿಯಿಲ್ಲ. ಆಗ ಮೊದಲು ಗುಡ್ಡ ಹತ್ತಿ ನೀರು ಕಟ್ಟಿಸಿ. ಮನೆಯ ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು, ನೀರು ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿ. ಬಿಚ್ಚುವವರ ಕೈಯಲ್ಲಿ ಎರಡು ರೆಂಚುಗಳಿಲ್ಲದಿದ್ದರೆ ಕೆಲಸ ಶುರು ಮಾಡಲು ಬಿಡಬೇಡಿ.

ಈಗ ನಮ್ಮಲ್ಲಿ ತೊಟ್ಟಿಯ ಬಾಯಿಗೆ ಒಂದು, ಬೇಲಿಯ ಹತ್ತಿರ ಒಂದು ಬಾಲ್ ವಾಲ್ವ್ ಹಾಕಿದ್ದೇವೆ. ಹಿಡಿ ಪೈಪಿಗೆ ಅಡ್ಡವಿದ್ದರೆ ಬಂದ್ ಎಂದು ಅಮ್ಮನಿಗೂ ಗೊತ್ತು. ಅದನ್ನು ಒಮ್ಮೆಗೇ ಎಳೆದು ಮುಚ್ಚಬಾರದು, ಓಡುವ ನೀರು ತಟ್ಟನೆ ನಿಂತರೆ ಅದರ ಹೊಡೆತಕ್ಕೆ ಪೈಪಿನ ಜೋಡಣೆಗಳೇ ಬಿಡುತ್ತವೆ, ಮೆಲ್ಲಗೆ ತಿರುಗಿಸಬೇಕು.

"ಹೋಗಿದೆ" ಎಂದು ಪ್ಲಂಬರ್ ಹೇಳಿದ ಆ ಹಳೆಯ ವಾಲ್ವಿನಿಂದ ಮುರಿದ ತುಂಡನ್ನು ತೆಗೆಸಿ, ಹೊಸ ಪ್ಯಾಕಿಂಗ್ ಸುತ್ತಿ ಕೊಟ್ಟಿಗೆಯ ಪೈಪಿಗೆ ಹಾಕಿದ್ದೇನೆ. ನಾಲ್ಕು ತಿಂಗಳಾಯಿತು, ಒಂದು ಹನಿಯೂ ಬಿದ್ದಿಲ್ಲ.